ಊರಲ್ಲೇ ಇದ್ದು ಕ್ಲ್ಯಾಟ್‌ಗೆ ತಯಾರಿ: ತೀರ್ಥಹಳ್ಳಿಯಿಂದ ಬಂದ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿ. ಮಗಳು ಈ ಜೂನ್‌ನಲ್ಲಿ ಪ್ರಥಮ ಪಿಯು ವಾಣಿಜ್ಯ ವಿಭಾಗಕ್ಕೆ ಸೇರಿದ್ದಾಳೆ. ಹತ್ತನೇ ತರಗತಿವರೆಗೂ ಕನ್ನಡ ಮಾಧ್ಯಮ. ವಕೀಲಿಕೆ ಓದಬೇಕು, ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್‌ಗೇ ಪ್ರಯತ್ನ ಮಾಡಬೇಕು ಅನ್ನುತ್ತಾಳೆ. ವಿಚಾರಿಸಿದವರೆಲ್ಲ ಬೆಂಗಳೂರಿಗೆ ಕೋಚಿಂಗ್‌ಗೆ ಕಳಿಸದೆ ಆಗದು ಎನ್ನುತ್ತಾರೆ. ಅವಳ ಇಂಗ್ಲಿಷ್ ಅಷ್ಟಕ್ಕಷ್ಟೆ. ಮನೆಯಲ್ಲೇ ಇದ್ದು ತಯಾರಿ ಸಾಧ್ಯವೇ? ಅರ್ಜಿ ಎಲ್ಲೆಲ್ಲಿ, ಯಾವಾಗ ಹಾಕಬೇಕು? ಅಲ್ಲಿ ಸೀಟು ಸಿಗದಿದ್ದರೆ ಮುಂದೇನು?

ಉತ್ತರ: ಸಾಧ್ಯ. ಆ ಲಾ ಸ್ಕೂಲ್ ಸೇರಿದಂತೆ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆಯಾದ ಕ್ಲ್ಯಾಟ್ ಈಗ ಡಿಸೆಂಬರ್ ಆರಂಭದ ಒಂದು ಭಾನುವಾರ ನಡೆಯುತ್ತದೆ. ನಿಮ್ಮ ಮಗಳು ಅದನ್ನು ಬರೆಯಬೇಕಾದ್ದು ದ್ವಿತೀಯ ಪಿಯುವಿನ ಡಿಸೆಂಬರ್‌ನಲ್ಲಿ. ಅಂದರೆ ಇನ್ನೂ ಹದಿನೆಂಟು ತಿಂಗಳಿದೆ. ದ್ವಿತೀಯ ಪಿಯು ಸೇರಿದ ಮೇಲೆ ಎಚ್ಚೆತ್ತುಕೊಳ್ಳುವವರೇ ಹೆಚ್ಚು. ನೀವು ಒಂದು ವರ್ಷ ಮೊದಲೇ ಕೇಳಿದ್ದೀರಿ, ಕನ್ನಡ ಮಾಧ್ಯಮದಿಂದ ಬಂದ ಹುಡುಗಿಗೆ ಈ ಒಂದು ವರ್ಷವೇ ದೊಡ್ಡ ಬಂಡವಾಳ. ಅದನ್ನು ಯಾವುದಕ್ಕೆ ಹಾಕಬೇಕು ಅನ್ನುವುದೇ ಮುಖ್ಯ ಪ್ರಶ್ನೆ.

ಮೊದಲು ಪರೀಕ್ಷೆಯ ಸ್ವರೂಪ ತಿಳಿದುಕೊಳ್ಳಿ. 120 ನಿಮಿಷ, 120 ಪ್ರಶ್ನೆ, ಪ್ರಶ್ನೆಗೊಂದು ಅಂಕ, ತಪ್ಪಾದರೆ ಕಾಲು ಅಂಕ ಕಡಿತ. ಕಂಪ್ಯೂಟರ್ ಇಲ್ಲ, ಒಎಂಆರ್ ಹಾಳೆಯಲ್ಲಿ ಬಾಲ್‌ಪೆನ್ನಿನಿಂದ ವೃತ್ತ ತುಂಬಬೇಕು. ಇಂಗ್ಲಿಷ್ 22ರಿಂದ 26 ಪ್ರಶ್ನೆ, ಪ್ರಚಲಿತ ವಿದ್ಯಮಾನ ಮತ್ತು ಸಾಮಾನ್ಯ ಜ್ಞಾನ 28ರಿಂದ 32, ಲೀಗಲ್ ರೀಸನಿಂಗ್ 28ರಿಂದ 32, ಲಾಜಿಕಲ್ ರೀಸನಿಂಗ್ 22ರಿಂದ 26, ಲೆಕ್ಕ 10ರಿಂದ 14. ಪ್ರಶ್ನೆಪತ್ರಿಕೆ ಇಂಗ್ಲಿಷ್‌ನಲ್ಲಿ ಮಾತ್ರ. ಬಿಡಿ ಪ್ರಶ್ನೆಗಳು ಇರುವುದಿಲ್ಲ. ಸುಮಾರು 450 ಪದಗಳವರೆಗಿನ ಒಂದು ಪ್ಯಾಸೇಜ್, ಅದರ ಕೆಳಗೆ ಐದಾರು ಪ್ರಶ್ನೆ, ಮತ್ತೆ ಇನ್ನೊಂದು ಪ್ಯಾಸೇಜ್, ಹೀಗೇ ಕೊನೆಯವರೆಗೆ.

ಈಗ ಒಂದು ಲೆಕ್ಕ ಹಾಕಿ. ಇಪ್ಪತ್ತಕ್ಕೂ ಹೆಚ್ಚು ಪ್ಯಾಸೇಜ್ ಅಂದರೆ ಹತ್ತು ಸಾವಿರ ಪದಗಳ ಆಸುಪಾಸು, ಪ್ರಶ್ನೆ ಮತ್ತು ಆಯ್ಕೆಗಳನ್ನು ಬಿಟ್ಟು. ನಿಮಿಷಕ್ಕೆ 120 ಪದ ಓದುವವರಿಗೆ ಪ್ಯಾಸೇಜ್ ಓದುವುದರಲ್ಲೇ 83 ನಿಮಿಷ ಹೋಗುತ್ತದೆ. ಉಳಿದ 37 ನಿಮಿಷದಲ್ಲಿ 120 ಪ್ರಶ್ನೆ ಓದಿ, ಯೋಚಿಸಿ, ವೃತ್ತ ತುಂಬಬೇಕು. ಆಗದ ಮಾತು. ನಿಮಿಷಕ್ಕೆ 200 ಪದ ಓದಿದರೆ 50 ನಿಮಿಷ ಸಾಕು, ಯೋಚಿಸಲು 70 ನಿಮಿಷ ಸಿಗುತ್ತದೆ. ಒಂದೇ ಬುದ್ಧಿಮಟ್ಟದ ಇಬ್ಬರು ಮಕ್ಕಳ ರ‍್ಯಾಂಕಿನಲ್ಲಿ ಸಾವಿರಾರು ಅಂತರ ಬರುವುದು ಹೆಚ್ಚಾಗಿ ಇಲ್ಲೇ. ಕಾನೂನಿನ ಪುಸ್ತಕ ಎಷ್ಟು ಓದಿದ್ದಾಳೆ ಅನ್ನುವುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಆದ್ದರಿಂದ ಮೊದಲ ಆರು ತಿಂಗಳು ಕೋಚಿಂಗ್ ಬೇಡ, ಗೈಡ್ ಬೇಡ, ಮಾಕ್ ಟೆಸ್ಟ್ (ಅಣಕು ಪರೀಕ್ಷೆ) ಕೂಡ ಬೇಡ. ಇಂಗ್ಲಿಷ್ ಓದುವ ವೇಗವೊಂದನ್ನೇ ಹಿಡಿದು ಕೂರಲಿ.

ವೇಗವನ್ನು ಹೀಗೆ ಅಳೆಯಿರಿ. ಇಂಗ್ಲಿಷ್ ಪತ್ರಿಕೆಯ ಒಂದು ಸಂಪಾದಕೀಯ ತೆಗೆದುಕೊಂಡು ಹತ್ತು ಸಾಲಿನ ಪದಗಳನ್ನು ಎಣಿಸಿ, ಸರಾಸರಿ ತೆಗೆದು, ಒಟ್ಟು ಸಾಲುಗಳಿಂದ ಗುಣಿಸಿ. 450 ಪದ ಆಗುವಲ್ಲಿ ಪೆನ್ಸಿಲ್‌ನಿಂದ ಗೆರೆ ಹಾಕಿ. ಗಡಿಯಾರ ನೋಡಿಕೊಂಡು ಓದಲಿ. ಓದಿ ಮುಗಿದ ಮೇಲೆ ಹಾಳೆ ಮುಚ್ಚಿಟ್ಟು, ಲೇಖಕ ಹೇಳುತ್ತಿರುವುದೇನು, ಯಾಕೆ ಹಾಗೆ ಹೇಳುತ್ತಾನೆ ಎಂದು ಎರಡು ಸಾಲು ಕನ್ನಡದಲ್ಲೇ ಬರೆಯಲಿ. ಆ ಎರಡು ಸಾಲು ಸರಿಯಾಗಿ ಬಂದರೆ ಮಾತ್ರ ಆ ದಿನದ ವೇಗವನ್ನು ಪುಸ್ತಕದಲ್ಲಿ ಬರೆದಿಡಲಿ. ಅರ್ಥವಾಗದ ವೇಗಕ್ಕೆ ಬೆಲೆಯಿಲ್ಲ. ಶುರುವಿನಲ್ಲಿ 450 ಪದಕ್ಕೆ ನಾಲ್ಕೈದು ನಿಮಿಷ ಹಿಡಿದರೆ ಗಾಬರಿಯಾಗಬೇಡಿ. ಎರಡೂಕಾಲು ನಿಮಿಷಕ್ಕೆ ಇಳಿಸುವುದು ಗುರಿ.

ಕನ್ನಡ ಮಾಧ್ಯಮದ ಮಕ್ಕಳು ನಿಧಾನವಾಗಲು ಎರಡು ಕಾರಣ ಮತ್ತೆ ಮತ್ತೆ ಕಾಣುತ್ತವೆ. ಗೊತ್ತಿಲ್ಲದ ಪ್ರತಿ ಪದಕ್ಕೂ ನಿಂತು ಡಿಕ್ಷನರಿ ತೆಗೆಯುವುದು ಒಂದು. ಓದಿದ ಸಾಲನ್ನೇ ತಿರುಗಿ ತಿರುಗಿ ಓದುವುದು ಇನ್ನೊಂದು. ಎರಡಕ್ಕೂ ಮೂಲ ಒಂದೇ: ವಿಷಯವೂ ಹೊಸದು, ಭಾಷೆಯೂ ಹೊಸದು. ಒಂದನ್ನು ಮೊದಲೇ ಹಗುರ ಮಾಡಿಕೊಳ್ಳಿ. ಬೆಳಿಗ್ಗೆ ಕನ್ನಡ ಪತ್ರಿಕೆಯಲ್ಲಿ ಸುದ್ದಿ ಓದಲಿ, ಅದೇ ವಿಷಯದ ಮೇಲಿನ ಇಂಗ್ಲಿಷ್ ಸಂಪಾದಕೀಯವನ್ನು ಸಂಜೆ ಓದಲಿ. ವಿಷಯ ಗೊತ್ತಿರುವುದರಿಂದ ಗೊತ್ತಿಲ್ಲದ ಪದದ ಅರ್ಥ ಸಂದರ್ಭದಿಂದಲೇ ಹೊಳೆಯುತ್ತದೆ, ಪರೀಕ್ಷೆಯ ಇಂಗ್ಲಿಷ್ ವಿಭಾಗ ಕೇಳುವುದೂ ಇದನ್ನೇ. ಡಿಕ್ಷನರಿ ಓದು ಮುಗಿದ ಮೇಲೆ, ಅದೂ ದಿನಕ್ಕೆ ಐದು ಪದಕ್ಕಿಂತ ಹೆಚ್ಚು ಬೇಡ. ಪದದ ಜೊತೆ ಅದು ಬಂದ ಇಡೀ ವಾಕ್ಯವನ್ನು ಬರೆದಿಡಬೇಕು. ಪದಗಳ ಪಟ್ಟಿಯನ್ನು ಬಾಯಿಪಾಠ ಮಾಡುವುದರಿಂದ ಏನೂ ಸಿಗದು.

ಹಳ್ಳಿಗೆ ಇಂಗ್ಲಿಷ್ ಪತ್ರಿಕೆ ಬರುವುದಿಲ್ಲ ಎಂಬ ತೊಂದರೆ ನಿಜ. ಕಾಲೇಜಿನ ಗ್ರಂಥಾಲಯಕ್ಕೆ ಬರುತ್ತದೆಯೇ ನೋಡಿ. ಬರುತ್ತಿದ್ದರೆ ಸಂಪಾದಕೀಯ ಪುಟದ ಫೋಟೋ ತೆಗೆದುಕೊಂಡು ಮನೆಗೆ ತಂದರೆ ಸಾಕು. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಕೈಕೊಡುವ ಕಡೆ ಆನ್‌ಲೈನ್ ತರಗತಿಯನ್ನೇ ನಂಬಿ ಕೂರುವುದು ತಪ್ಪು. ಪೇಟೆಗೆ ಬಂದಾಗ ಬೇಕಾದ್ದನ್ನೆಲ್ಲ ಡೌನ್‌ಲೋಡ್ ಮಾಡಿಕೊಳ್ಳಿ, ಹಿಂದಿನ ಪ್ರಶ್ನೆಪತ್ರಿಕೆಗಳನ್ನು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ. ಪರೀಕ್ಷೆ ನಡೆಯುವುದು ಕಾಗದದ ಮೇಲೆ. ಮೊಬೈಲ್ ಪರದೆಯಲ್ಲಿ ಅಭ್ಯಾಸ ಮಾಡಿದವರಿಗೆ ಕಾಗದದಲ್ಲಿ ಅಡಿಗೆರೆ ಹಾಕುತ್ತ ಓದುವ ರೂಢಿ ಇರುವುದಿಲ್ಲ, ಅದರ ಬೆಲೆ ಪರೀಕ್ಷೆಯ ದಿನ ತೆರಬೇಕಾಗುತ್ತದೆ.

ಪ್ರಶ್ನೆಪತ್ರಿಕೆ ಆರಿಸುವಾಗ ಎಚ್ಚರ. 2020ರಲ್ಲಿ ಕ್ಲ್ಯಾಟ್ ಪ್ಯಾಸೇಜ್ ಆಧಾರಿತವಾಯಿತು. ಅದಕ್ಕೂ ಹಿಂದಿನವು 200 ಬಿಡಿ ಪ್ರಶ್ನೆಗಳ ಪತ್ರಿಕೆಗಳು, ಈಗ ಅವುಗಳಿಂದ ಪ್ರಯೋಜನ ಕಡಿಮೆ. 2020ರಿಂದ 2023ರವರೆಗಿನವು 150 ಪ್ರಶ್ನೆಯವು, ಅಭ್ಯಾಸಕ್ಕೆ ಒಳ್ಳೆಯವು. 2024ರ ಪ್ರವೇಶದಿಂದ 120 ಪ್ರಶ್ನೆ. ಅಂಗಡಿಯಲ್ಲಿ ಈಗಲೂ ಸಿಗುವ ದಪ್ಪ ಗೈಡುಗಳಲ್ಲಿ ಲ್ಯಾಟಿನ್ ನುಡಿಗಟ್ಟು, ಐಪಿಸಿ ಕಲಂಗಳ ಪಟ್ಟಿ ಪುಟಗಟ್ಟಲೆ ಇರುತ್ತದೆ. ಐಪಿಸಿಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದು 2024ರ ಜುಲೈ 1ರಿಂದ ಜಾರಿಯಲ್ಲಿದೆ. ಅಂಥ ಪುಸ್ತಕಕ್ಕೆ ದುಡ್ಡು ಸುರಿಯಬೇಡಿ.

ಲೀಗಲ್ ರೀಸನಿಂಗ್ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಅಂಕ ಹೆಚ್ಚು ಇರುವುದು ಒಂದು ಕಾರಣ. ಇಬ್ಬರಿಗೆ ಒಟ್ಟು ಅಂಕ ಸಮ ಬಂದಾಗ ಮೊದಲು ನೋಡುವುದು ಈ ವಿಭಾಗದ ಅಂಕವನ್ನೇ, ಅದು ಇನ್ನೊಂದು. ಇಲ್ಲಿ ಕಾನೂನು ಗೊತ್ತಿರಬೇಕಿಲ್ಲ. ಪ್ಯಾಸೇಜಿನಲ್ಲಿ ನಿಯಮ ಕೊಟ್ಟಿರುತ್ತಾರೆ, ಪ್ರಶ್ನೆಯಲ್ಲಿ ಒಂದು ಸನ್ನಿವೇಶ ಕೊಡುತ್ತಾರೆ, ನಿಯಮವನ್ನು ಸನ್ನಿವೇಶಕ್ಕೆ ಹೊಂದಿಸಬೇಕು. ನಮ್ಮ ಕಡೆಯ ವ್ಯವಹಾರವನ್ನೇ ಇಟ್ಟುಕೊಂಡು ನೋಡೋಣ.

ಪ್ಯಾಸೇಜ್ ಹೇಳುವ ನಿಯಮ ಇದು ಎಂದುಕೊಳ್ಳಿ: ಒಂದು ಪ್ರಸ್ತಾವವನ್ನು ಒಪ್ಪುವುದಾದರೆ ಪೂರ್ತಿಯಾಗಿ, ಯಾವ ಷರತ್ತೂ ಇಲ್ಲದೆ ಒಪ್ಪಬೇಕು. ಷರತ್ತು ಬದಲಿಸಿ ಉತ್ತರ ಕೊಟ್ಟರೆ ಅದು ಪ್ರತಿ-ಪ್ರಸ್ತಾವ, ಅದರೊಂದಿಗೆ ಮೊದಲ ಪ್ರಸ್ತಾವ ಮುಗಿದುಹೋಗುತ್ತದೆ. (1872ರ ಭಾರತೀಯ ಕರಾರು ಕಾಯ್ದೆಯ 7ನೇ ಕಲಂನ ತಿರುಳಿಗೆ ಸೇರಿದ ಮಾತಿದು.) ಸನ್ನಿವೇಶ: ಸಾಗರದ ತೋಟದ ಮಾಲೀಕರು ಸೋಮವಾರ ಶಿವಮೊಗ್ಗದ ಅಡಿಕೆ ಮಂಡಿ ವ್ಯಾಪಾರಿಗೆ, ಹತ್ತು ಕ್ವಿಂಟಲ್ ರಾಶಿ ಇಡಿ ಅಡಿಕೆ ಇದೆ, ಕ್ವಿಂಟಲ್‌ಗೆ 50,000 ರೂಪಾಯಿಗೆ ಕೊಡುತ್ತೇನೆ ಎಂದು ಸಂದೇಶ ಕಳಿಸುತ್ತಾರೆ. 48,000ಕ್ಕಾದರೆ ತೆಗೆದುಕೊಳ್ಳುತ್ತೇನೆ ಎಂದು ವ್ಯಾಪಾರಿ ಉತ್ತರಿಸುತ್ತಾರೆ. ಮಾಲೀಕರು ಸುಮ್ಮನಾಗುತ್ತಾರೆ. ಬುಧವಾರ ವ್ಯಾಪಾರಿ, ಆಗಲಿ, 50,000ಕ್ಕೇ ಕೊಡಿ ಎನ್ನುತ್ತಾರೆ. ಅಷ್ಟರಲ್ಲಿ ಅಡಿಕೆ ಬೇರೆಯವರಿಗೆ ಮಾರಾಟವಾಗಿದೆ. ವ್ಯಾಪಾರಿ ದಾವೆ ಹೂಡುತ್ತಾರೆ. ಕರಾರು ಆಗಿತ್ತೇ?

ಆಯ್ಕೆಗಳು ನಾಲ್ಕು. ಎ: ಆಗಿತ್ತು, ಕೊನೆಗೆ ಮಾಲೀಕರು ಕೇಳಿದ ದರಕ್ಕೇ ವ್ಯಾಪಾರಿ ಒಪ್ಪಿದ್ದಾರೆ. ಬಿ: ಆಗಿರಲಿಲ್ಲ, ಸೋಮವಾರದ ಪ್ರಸ್ತಾವ 48,000ದ ಉತ್ತರದೊಂದಿಗೇ ಮುಗಿದಿತ್ತು, ಬುಧವಾರದ್ದು ಹೊಸ ಪ್ರಸ್ತಾವ, ಅದನ್ನು ಮಾಲೀಕರು ಒಪ್ಪಿಲ್ಲ. ಸಿ: ಆಗಿರಲಿಲ್ಲ, ಛಾಪಾ ಕಾಗದದ ಮೇಲೆ ಬರೆದಿಲ್ಲ. ಡಿ: ಆಗಿತ್ತು, ಮಾಲೀಕರು ಸುಮ್ಮನಿದ್ದದ್ದೇ ಒಪ್ಪಿಗೆ.

ಉತ್ತರ ಬಿ. ಎ ಆರಿಸಿದವರು ನ್ಯಾಯ-ಅನ್ಯಾಯದ ತಮ್ಮ ಸ್ವಂತ ಅಂದಾಜನ್ನು ತಂದರು. ಸಿ ಆರಿಸಿದವರು ಊರಲ್ಲಿ ಕೇಳಿದ್ದನ್ನು ತಂದರು, ಪ್ಯಾಸೇಜ್ ಬರವಣಿಗೆಯ ಮಾತನ್ನೇ ಎತ್ತಿಲ್ಲ. ಡಿ ಕೂಡ ಪ್ಯಾಸೇಜಿನಲ್ಲಿ ಇಲ್ಲದ್ದು. ಎ ಮತ್ತು ಸಿ ಎರಡರಲ್ಲೂ ಆಗುವ ತಪ್ಪು ಒಂದೇ ಬಗೆಯದು: ಹಾಳೆಯ ಮೇಲಿಲ್ಲದ ನಿಯಮದಿಂದ ತೀರ್ಪು ಕೊಡುವುದು. ಸರಿ ತೀರ್ಮಾನಕ್ಕೆ ತಪ್ಪು ಕಾರಣ ಅಂಟಿಸಿದ ಆಯ್ಕೆಗಳೇ ಹೆಚ್ಚು ಅಪಾಯಕಾರಿ. ಸಿ ಅಂಥದ್ದು, ಕರಾರು ಆಗಿರಲಿಲ್ಲ ಎಂಬಷ್ಟೇ ಓದಿ ಅದಕ್ಕೆ ವೃತ್ತ ತುಂಬುವವರು ಬಹಳ.

ಇದನ್ನೇ ಒಂದಿಷ್ಟು ತಿರುಗಿಸಿ. ಸೋಮವಾರ ವ್ಯಾಪಾರಿ 48,000ಕ್ಕೆ ಕೊಡಲು ಆಗುತ್ತದೆಯೇ ಎಂದು ಬರೀ ವಿಚಾರಿಸಿದ್ದರೆ? ಬರೀ ವಿಚಾರಣೆಯಿಂದ ಪ್ರಸ್ತಾವ ಮುಗಿಯುವುದಿಲ್ಲ, ಪ್ರಸ್ತಾವ ಹಿಂತೆಗೆದುಕೊಂಡ ಸುದ್ದಿ ಒಪ್ಪಿಗೆಗೂ ಮೊದಲೇ ಎದುರಿನವರಿಗೆ ಮುಟ್ಟಿರಬೇಕು ಎಂದೂ ಪ್ಯಾಸೇಜ್ ಹೇಳಿದ್ದರೆ, ಮಾರಾಟದ ವಿಷಯ ತಿಳಿಯದೆ ಬುಧವಾರ ಒಪ್ಪಿದ ವ್ಯಾಪಾರಿಯ ಪರವಾಗಿ ಉತ್ತರ ಬದಲಾಗುತ್ತದೆ. ಸನ್ನಿವೇಶದಲ್ಲಿ ಬದಲಾದದ್ದು ಒಂದು ಪ್ರಶ್ನಾರ್ಥಕ ಚಿಹ್ನೆ ಮಾತ್ರ. ಈ ವಿಭಾಗದಲ್ಲಿ ಐದು ಪ್ರಶ್ನೆ ಒಂದೇ ನಿಯಮದ ಸುತ್ತ ಹೀಗೇ ಸಣ್ಣ ಸಣ್ಣ ವ್ಯತ್ಯಾಸದಲ್ಲಿ ತಿರುಗುತ್ತವೆ. ಅದಕ್ಕೇ ಪ್ಯಾಸೇಜ್ ಓದುವಾಗ ‘ಅನ್‌ಲೆಸ್’, ‘ಪ್ರೊವೈಡೆಡ್ ದಟ್’, ‘ಓನ್ಲಿ ಇಫ್’, ‘ನಾಟ್‌ವಿತ್‌ಸ್ಟ್ಯಾಂಡಿಂಗ್’ ಮುಂತಾದ ಷರತ್ತು, ವಿನಾಯಿತಿ ಹೇಳುವ ಪದ ಬಂದಲ್ಲೆಲ್ಲ ವೃತ್ತ ಹಾಕುವ ರೂಢಿ ಬೇಕು. ಉತ್ತರ ಮಗುಚುವುದು ಆ ಪದಗಳ ಮೇಲೆ.

ಲಾಜಿಕಲ್ ರೀಸನಿಂಗ್ ಇದರ ತಂಗಿ ಇದ್ದ ಹಾಗೆ. ಘಾಟಿಯಲ್ಲಿ ಭಾರಿ ವಾಹನ ನಿಷೇಧಿಸಿದ ಮೇಲೆ ಅಪಘಾತ ಕಡಿಮೆಯಾಯಿತು, ಆದ್ದರಿಂದ ಅಪಘಾತಕ್ಕೆ ಭಾರಿ ವಾಹನಗಳೇ ಕಾರಣ ಎಂದು ಲೇಖಕ ವಾದಿಸುತ್ತಾನೆ ಎನ್ನಿ. ಈ ವಾದವನ್ನು ದುರ್ಬಲಗೊಳಿಸುವುದು ಯಾವುದು ಎಂಬ ಪ್ರಶ್ನೆಗೆ, ಅದೇ ತಿಂಗಳಲ್ಲಿ ಮಳೆಯಿಂದಾಗಿ ಎಲ್ಲ ಬಗೆಯ ವಾಹನ ಸಂಚಾರವೂ ಅರ್ಧಕ್ಕಿಳಿದಿತ್ತು ಎಂಬ ಆಯ್ಕೆ ಸರಿ. ನಿಷೇಧದಿಂದ ಲಾರಿಯವರಿಗೆ ನಷ್ಟವಾಯಿತು ಎಂಬುದು ನಿಜವಿದ್ದರೂ ವಾದಕ್ಕೆ ತಾಗುವುದಿಲ್ಲ. ಸಂಪಾದಕೀಯ ಓದುವಾಗಲೇ ತೀರ್ಮಾನಕ್ಕೆ ಒಂದು ಗೆರೆ, ಅದಕ್ಕೆ ಕೊಟ್ಟ ಕಾರಣಕ್ಕೆ ಎರಡು ಗೆರೆ ಎಳೆಯುವ ಅಭ್ಯಾಸವಾದರೆ ಇದಕ್ಕೆ ಬೇರೆ ಪುಸ್ತಕ ಬೇಕಾಗದು.

ಪ್ರಚಲಿತ ವಿದ್ಯಮಾನದಲ್ಲಿ ಪ್ಯಾಸೇಜ್ ಕೊಟ್ಟರೂ ಉತ್ತರ ಅದರೊಳಗೆ ಇರುವುದಿಲ್ಲ, ಹಿನ್ನೆಲೆ ಗೊತ್ತಿರಬೇಕು. ಗೊತ್ತಿದ್ದರೆ ಅರ್ಧ ನಿಮಿಷ, ಗೊತ್ತಿಲ್ಲದಿದ್ದರೆ ಎಷ್ಟು ಯೋಚಿಸಿದರೂ ವ್ಯರ್ಥ. ಇಲ್ಲಿ ಸಮಯ ಉಳಿಸಿ ಬೇರೆಡೆ ಖರ್ಚು ಮಾಡಬೇಕು. ಪರೀಕ್ಷೆಗೆ ಹಿಂದಿನ ಒಂದು ವರ್ಷದ ಮುಖ್ಯ ವಿಷಯಗಳಿಗೆ ತಲಾ ಒಂದು ಪುಟ: ಏನಾಯಿತು, ಯಾವ ಕಾನೂನು ಅಥವಾ ಸಂಸ್ಥೆ, ಯಾವ ವರ್ಷ, ಹಿಂದೆ ಏನಿತ್ತು. ಮಲೆನಾಡಿನ ಮಕ್ಕಳಿಗೆ ಕೆಲವು ರಾಷ್ಟ್ರೀಯ ವಿಷಯ ಮನೆ ಬಾಗಿಲಲ್ಲೇ ಇವೆ, ಶುರು ಮಾಡಲು ಅವೇ ಒಳ್ಳೆಯವು. ಪಶ್ಚಿಮ ಘಟ್ಟದ ಬಗ್ಗೆ ಮಾಧವ ಗಾಡ್ಗೀಳ್ ಸಮಿತಿ 2011ರಲ್ಲಿ, ಕಸ್ತೂರಿರಂಗನ್ ಸಮಿತಿ 2013ರಲ್ಲಿ ವರದಿ ಕೊಟ್ಟವು. ಎರಡರ ನಡುವಿನ ವ್ಯತ್ಯಾಸ ಅವಳಿಗೆ ಬಾಯಲ್ಲಿ ಹೇಳಲು ಬರಬೇಕು. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಪರಿಶಿಷ್ಟ ಪಂಗಡದವರಲ್ಲದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿ ನೆಲೆಸಿದ್ದನ್ನು ತೋರಿಸಬೇಕು. ನಿಮ್ಮ ತಾಲ್ಲೂಕಿನಲ್ಲೇ ಈ ಅರ್ಜಿ ಹಾಕಿದವರು ಇರುತ್ತಾರೆ, ಅವರ ಅರ್ಜಿ ಯಾಕೆ ನಿಂತಿದೆ ಎಂದು ಕೇಳಿದರೆ ಕಾಯ್ದೆ ಮರೆಯುವುದಿಲ್ಲ. 1951ರ ಕಾಗೋಡಿನ ಗೇಣಿ ರೈತರ ಸತ್ಯಾಗ್ರಹದಿಂದ ಹಿಡಿದು 1961ರ ಭೂಸುಧಾರಣಾ ಕಾಯ್ದೆ, ಅದಕ್ಕೆ 1974ರಲ್ಲಿ ಬಂದ ತಿದ್ದುಪಡಿ, ಶರಾವತಿ ಮುಳುಗಡೆ, ಈಗಿನ ಶರಾವತಿ ಪಂಪ್ಡ್ ಸ್ಟೋರೇಜ್ ವಿದ್ಯುತ್ ಯೋಜನೆಯ ಚರ್ಚೆ, ಇವನ್ನು ಬಲ್ಲವಳು ದೇಶದ ಬೇರೆ ಭೂಸ್ವಾಧೀನ, ಪರಿಸರ ಸುದ್ದಿಗಳನ್ನೂ ಬೇಗ ಹಿಡಿಯುತ್ತಾಳೆ.

ಲೆಕ್ಕ ಹತ್ತನೇ ತರಗತಿ ಮಟ್ಟದ್ದೇ: ಶೇಕಡಾ, ಅನುಪಾತ, ಸರಾಸರಿ, ಲಾಭ-ನಷ್ಟ, ಕೋಷ್ಟಕ ಓದುವುದು. ವಾಣಿಜ್ಯ ವಿದ್ಯಾರ್ಥಿನಿಗೆ ಹೆದರಿಕೆ ಬೇಡ. ವಾರಕ್ಕೆರಡು ದಿನ ಅರ್ಧ ಗಂಟೆ ಸಾಕು, ಪೂರ್ತಿ ಬಿಡುವುದು ಮಾತ್ರ ದಡ್ಡತನ.

ದ್ವಿತೀಯ ಪಿಯು ಶುರುವಾದ ಜೂನ್‌ನಿಂದ ವಾರಕ್ಕೊಂದು ಪೂರ್ಣ ಮಾಕ್ ಟೆಸ್ಟ್, ಅಕ್ಟೋಬರ್ ನಂತರ ವಾರಕ್ಕೆರಡು. ಪರೀಕ್ಷೆಯ ಹೊತ್ತಿನಲ್ಲೇ, ಮಧ್ಯಾಹ್ನ 2ರಿಂದ 4. ಊಟ ಮಾಡಿ ಕೂತರೆ ಕಣ್ಣು ಎಳೆಯುವ ಸಮಯ ಅದು, ದೇಹಕ್ಕೂ ಅಭ್ಯಾಸವಾಗಬೇಕು. ಸಮಯದ ಹಂಚಿಕೆಗೆ ಒಂದು ಅಂದಾಜು: ಪ್ರಚಲಿತ 13 ನಿಮಿಷ, ಲೀಗಲ್ 35, ಲಾಜಿಕಲ್ 28, ಇಂಗ್ಲಿಷ್ 24, ಲೆಕ್ಕ 14, ಕೊನೆಗೆ 6 ನಿಮಿಷ ಕೈಯಲ್ಲಿ. ಒಂದು ವೃತ್ತ ತುಂಬಲು 5 ಸೆಕೆಂಡ್ ಹಿಡಿದರೂ 120ಕ್ಕೆ 10 ನಿಮಿಷ ಬೇಕು. ಆದ್ದರಿಂದ ಪ್ರತಿ ಪ್ಯಾಸೇಜ್ ಮುಗಿದ ಕೂಡಲೇ ಅದರ ಐದಾರು ವೃತ್ತ ತುಂಬಿ ಮುಂದೆ ಹೋಗಬೇಕು. ಎಲ್ಲವನ್ನೂ ಕೊನೆಗೆ ತುಂಬುತ್ತೇನೆ ಎಂದವರು ಒಂದು ಸಾಲು ಜಾರಿಸಿ ಉಳಿದ ಅಷ್ಟನ್ನೂ ತಪ್ಪು ಮಾಡಿಕೊಳ್ಳುತ್ತಾರೆ. ಪೆನ್ನಿನಲ್ಲಿ ತುಂಬಿದ್ದನ್ನು ಅಳಿಸಲಾಗದು.

ಊಹೆ ಮಾಡಬಹುದೇ ಎಂಬುದಕ್ಕೆ ಅಂಕಗಣಿತವೇ ಉತ್ತರ ಕೊಡುತ್ತದೆ. ನಾಲ್ಕು ಆಯ್ಕೆಯಲ್ಲಿ ಒಂದೂ ಗೊತ್ತಿಲ್ಲದೆ ಗುರುತು ಹಾಕಿದರೆ ಸರಾಸರಿ ಲಾಭ ಪ್ರಶ್ನೆಗೆ 0.06 ಅಂಕ, ಇಲ್ಲವೆಂದೇ ಲೆಕ್ಕ. ಒಂದನ್ನು ಖಚಿತವಾಗಿ ತಳ್ಳಿಹಾಕಿದರೆ 0.17. ಎರಡನ್ನು ತಳ್ಳಿಹಾಕಿದರೆ 0.38. ಎರಡು ಆಯ್ಕೆಗಳ ನಡುವೆ ಸಿಕ್ಕಿಬಿದ್ದಾಗ ಗುರುತು ಹಾಕುವುದೇ ಸರಿ, ಹೆದರಿ ಬಿಡುವುದು ನಷ್ಟ. ಏನೂ ತೋಚದ ಪ್ರಶ್ನೆಯನ್ನು ಬಿಟ್ಟು ಮುಂದೆ ಹೋಗಲಿ.

ಮಾಕ್ ಬರೆದು ಅಂಕ ನೋಡಿ ಎದ್ದರೆ ಬರೆದದ್ದು ದಂಡ. ಎರಡು ಗಂಟೆ ಬರೆದರೆ ಕನಿಷ್ಠ ಮೂರು ಗಂಟೆ ತಪ್ಪು ನೋಡಲು ಬೇಕು. ಪ್ರತಿ ತಪ್ಪಿನ ಎದುರು ಕಾರಣ ಬರೆಯಲಿ: ಪ್ಯಾಸೇಜ್ ತಪ್ಪಾಗಿ ಓದಿದ್ದು, ಪ್ರಶ್ನೆಯಲ್ಲಿದ್ದ ‘ನಾಟ್’ ಅಥವಾ ‘ಎಕ್ಸೆಪ್ಟ್’ ಕಣ್ಣಿಗೆ ಬೀಳದ್ದು, ಹೊರಗಿನ ತಿಳಿವಳಿಕೆ ತಂದದ್ದು, ಅವಸರ, ಬರೀ ಊಹೆ. ಐದಾರು ಮಾಕ್ ಆದ ಮೇಲೆ ಅವಳ ತಪ್ಪುಗಳ ಬಹುಪಾಲು ಒಂದೆರಡು ಕಾರಣಗಳಲ್ಲೇ ಗುಂಪಾಗಿರುವುದು ಕಾಣುತ್ತದೆ. ಮುಂದಿನ ವಾರದ ಕೆಲಸ ಅದು. ಕೋಚಿಂಗ್ ಬಗ್ಗೆ ನನ್ನ ಅಭಿಪ್ರಾಯವೂ ಇಲ್ಲಿಂದಲೇ ಬರುತ್ತದೆ: ಹದಿನಾರು ವರ್ಷದ ಹುಡುಗಿಯನ್ನು ಪಿಯು ಬಿಡಿಸಿ ಬೆಂಗಳೂರಿನ ಪಿಜಿಯಲ್ಲಿ ಇಡುವ ಅಗತ್ಯವಿಲ್ಲ. ಒಳ್ಳೆಯ ಮಾಕ್ ಟೆಸ್ಟ್ ಸರಣಿಯೊಂದಕ್ಕೆ ದುಡ್ಡು ಕೊಡಿ, ಅದು ಸಾರ್ಥಕ. ನೋಂದಾಯಿಸಿದವರಿಗೆ ಈ ಪರೀಕ್ಷೆ ನಡೆಸುವ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ, ಅಂದರೆ ಎನ್‌ಎಲ್‌ಯು ಒಕ್ಕೂಟವೂ ಅಭ್ಯಾಸ ಪತ್ರಿಕೆಗಳನ್ನು ಉಚಿತವಾಗಿ ಕೊಡುತ್ತದೆ. ಮನೆಯ ಆದಾಯ ಕಡಿಮೆ ಇದ್ದರೆ, ಪ್ರೊ. ಶಮ್ನಾದ್ ಬಶೀರ್ 2010ರಲ್ಲಿ ಶುರುಮಾಡಿದ ‘ಐಡಿಯಾ’ ಎಂಬ ಸಂಸ್ಥೆ ಹಿಂದುಳಿದ ಹಿನ್ನೆಲೆಯ ಮಕ್ಕಳನ್ನು ಆರಿಸಿ ಕ್ಲ್ಯಾಟ್‌ಗೆ ತರಬೇತಿ ಕೊಡುತ್ತದೆ, ವಿಚಾರಿಸಿ.

ಇನ್ನು ಅರ್ಜಿ. ಕ್ಲ್ಯಾಟ್ ಅರ್ಜಿ ಜುಲೈ-ಆಗಸ್ಟ್‌ನಲ್ಲಿ ತೆರೆದು ಅಕ್ಟೋಬರ್ ಹೊತ್ತಿಗೆ ಮುಗಿಯುತ್ತದೆ. ಶುಲ್ಕ ಸಾಮಾನ್ಯ ವರ್ಗಕ್ಕೆ 4,000 ರೂ., ಪರಿಶಿಷ್ಟ ಜಾತಿ, ಪಂಗಡ ಮತ್ತು ಬಿಪಿಎಲ್‌ನವರಿಗೆ 3,500 ರೂ. ಪಿಯುನಲ್ಲಿ ಯಾವ ವಿಭಾಗವಾದರೂ ನಡೆಯುತ್ತದೆ, ಶೇ 45 ಅಂಕ ಬೇಕು, ಪರಿಶಿಷ್ಟರಿಗೆ ಶೇ 40. ಈ ಒಂದೇ ಪರೀಕ್ಷೆಯಿಂದ ದೇಶದ ಇಪ್ಪತ್ತಕ್ಕೂ ಹೆಚ್ಚು ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಿಗೆ ಪ್ರವೇಶ. ದೆಹಲಿಯದ್ದು ಮಾತ್ರ ಬೇರೆ, ಅದರ ಪರೀಕ್ಷೆ ಐಲೆಟ್, ಅದೂ ಡಿಸೆಂಬರ್‌ನಲ್ಲೇ: 120 ನಿಮಿಷಕ್ಕೆ 150 ಪ್ರಶ್ನೆ, ಅದರಲ್ಲಿ 70 ಲಾಜಿಕಲ್. ಪುಣೆಯ ಸಿಂಬಯಾಸಿಸ್ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆ ಸ್ಲ್ಯಾಟ್ 60 ನಿಮಿಷಕ್ಕೆ 60 ಪ್ರಶ್ನೆ, ಕಡಿತವಿಲ್ಲ. ಕ್ಲ್ಯಾಟ್ ಜೊತೆ ಇವೆರಡರಲ್ಲಿ ಒಂದು ಸಾಕು. ಕಂಡ ಅರ್ಜಿಗಳನ್ನೆಲ್ಲ ಹಾಕಿದರೆ ದುಡ್ಡೂ ಹೋಗುತ್ತದೆ, ಗಮನವೂ ಚದುರುತ್ತದೆ.

ನೀವು ಈಗಲೇ ಕೈಹಾಕಬೇಕಾದ ಕೆಲಸ ಒಂದಿದೆ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್ (ಎನ್‌ಎಲ್‌ಎಸ್‌ಐಯು) ಶೇ 25ರಷ್ಟು ಸೀಟುಗಳನ್ನು ‘ಕರ್ನಾಟಕ ವಿದ್ಯಾರ್ಥಿ’ಗಳಿಗೆ ಇಟ್ಟಿದೆ. ರಾಜ್ಯದ ಮಾನ್ಯತೆ ಪಡೆದ ಶಾಲಾ ಕಾಲೇಜುಗಳಲ್ಲಿ ಕನಿಷ್ಠ 10 ಶೈಕ್ಷಣಿಕ ವರ್ಷ ಓದಿದವರು ಇದಕ್ಕೆ ಅರ್ಹರು. ನಿಮ್ಮ ಮಗಳು ಸಲೀಸಾಗಿ ಬರುತ್ತಾಳೆ. ಆದರೆ ದಾಖಲೆ ಬೇಕಲ್ಲ. ಹಳ್ಳಿ ಮಕ್ಕಳು ಕಿರಿಯ ಪ್ರಾಥಮಿಕ ಒಂದು ಕಡೆ, ಹಿರಿಯ ಪ್ರಾಥಮಿಕ ಇನ್ನೊಂದು ಕಡೆ, ಪ್ರೌಢಶಾಲೆ ಪೇಟೆಯಲ್ಲಿ, ಹೀಗೆ ಮೂರು ನಾಲ್ಕು ಶಾಲೆಗಳಲ್ಲಿ ಓದಿರುತ್ತಾರೆ. ಮಕ್ಕಳಿಲ್ಲದೆ ಬಾಗಿಲು ಮುಚ್ಚಿದ ಶಾಲೆಯ ದಾಖಲೆ ಹತ್ತಿರದ ಬೇರೆ ಶಾಲೆಗೆ ಹೋಗಿರುತ್ತದೆ. ಪ್ರತಿ ಶಾಲೆಯಿಂದ ಓದಿದ ವರ್ಷಗಳನ್ನು ನಮೂದಿಸಿದ ವ್ಯಾಸಂಗ ಪ್ರಮಾಣಪತ್ರ ಪಡೆದು, ಬಿಇಒ ಕಚೇರಿಯ ಮೇಲುರುಜು ಹಾಕಿಸಿ ಇಟ್ಟುಕೊಳ್ಳಿ. ಹೆಸರಿನ ಅಕ್ಷರ, ಇನಿಶಿಯಲ್ ಎಲ್ಲ ಕಡೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇರುವಂತೆಯೇ ಇದೆಯೇ ನೋಡಿ. ತಿದ್ದಿಸಲು ಈಗ ಸಮಯವಿದೆ, ಕೌನ್ಸೆಲಿಂಗ್ ವಾರದಲ್ಲಿ ಇರುವುದಿಲ್ಲ. ಅರ್ಜಿ ತುಂಬುವಾಗಲೇ ಈ ಮೀಸಲಾತಿಯನ್ನು ಗುರುತಿಸಬೇಕು. ನಂತರ ನೆನಪಾದರೆ ಪ್ರಯೋಜನವಿಲ್ಲ. ಈ ಸೀಟುಗಳೂ ಸುಲಭದವೇನಲ್ಲ, ರಾಜ್ಯದ ಅತ್ಯುತ್ತಮ ಅಂಕದವರೆಲ್ಲ ಅದಕ್ಕೇ ಸ್ಪರ್ಧಿಸುತ್ತಾರೆ.

ಜಾತಿ ಪ್ರಮಾಣಪತ್ರದ ವಿಷಯದಲ್ಲಿ ಎಡವುವವರು ಬಹಳ. ನಾಡಕಚೇರಿಯಲ್ಲಿ ಕೊಡುವ 2ಎ, 3ಬಿ ಪತ್ರ ರಾಜ್ಯದ ಪಟ್ಟಿಯದು. ಬೇರೆ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಅಖಿಲ ಭಾರತ ಒಬಿಸಿ ಸೀಟು ಕೇಳಲು ಕೇಂದ್ರ ಪಟ್ಟಿಯ, ಕೆನೆಪದರಕ್ಕೆ ಸೇರದವರೆಂಬ ಒಬಿಸಿ ಪ್ರಮಾಣಪತ್ರ ಬೇಕು. ತಹಶೀಲ್ದಾರ್ ಕಚೇರಿಯಲ್ಲಿ ಕೇಂದ್ರ ಸರ್ಕಾರದ ಉದ್ದೇಶಕ್ಕೆ ಎಂದು ಸ್ಪಷ್ಟವಾಗಿ ಕೇಳಿ ಮಾಡಿಸಿ.

ಪರೀಕ್ಷಾ ಕೇಂದ್ರದ ಆಯ್ಕೆಯನ್ನೂ ಅರ್ಜಿಯಲ್ಲೇ ಕೇಳುತ್ತಾರೆ. ಹತ್ತಿರದ ಊರು ಸಿಗಬೇಕಾದರೆ ಕೊನೆಯ ದಿನದವರೆಗೆ ಕಾಯಬೇಡಿ. ಬೆಂಗಳೂರು ಕೇಂದ್ರವಾದರೆ ಶನಿವಾರವೇ ಹೋಗಿ ಉಳಿದುಕೊಳ್ಳುವುದು ಒಳ್ಳೆಯದು. ತಾಳಗುಪ್ಪದಿಂದ ಬರುವ ರಾತ್ರಿ ರೈಲಿನಲ್ಲಿ ಭಾನುವಾರ ಬೆಳಗಿನ ಜಾವ ಇಳಿದರೂ ಸಮಯಕ್ಕೇನೋ ಮುಟ್ಟಬಹುದು, ಆದರೆ ನಿದ್ದೆಗೆಟ್ಟ ಕಣ್ಣಲ್ಲಿ ಮಧ್ಯಾಹ್ನ ಹತ್ತು ಸಾವಿರ ಪದ ಓದಬೇಕಲ್ಲ.

ಪರೀಕ್ಷೆ ಮುಗಿದ ಮೇಲೆ ಒಕ್ಕೂಟ ತಾತ್ಕಾಲಿಕ ಕೀ ಉತ್ತರ ಹಾಕುತ್ತದೆ, ಆಕ್ಷೇಪಣೆಗೆ ಸಿಗುವ ಅವಧಿ ಬಹಳ ಚಿಕ್ಕದು, ಒಂದೊಂದು ಆಕ್ಷೇಪಣೆಗೆ 1,000 ರೂ. ಫಲಿತಾಂಶದ ನಂತರ ಕೇಂದ್ರೀಕೃತ ಕೌನ್ಸೆಲಿಂಗ್. ಅದಕ್ಕೆ ಮುಂಗಡವಾಗಿ ಈಚಿನ ವರ್ಷಗಳಲ್ಲಿ ಸಾಮಾನ್ಯ ವರ್ಗಕ್ಕೆ 30,000, ಮೀಸಲು ವರ್ಗಗಳಿಗೆ 20,000 ರೂ. ಕಟ್ಟಬೇಕಾಗಿದೆ, ಆ ಹಣ ಡಿಸೆಂಬರ್ ಕೊನೆಗೆ ಕೈಯಲ್ಲಿರಲಿ. ವಿಶ್ವವಿದ್ಯಾಲಯಗಳ ಆದ್ಯತಾ ಪಟ್ಟಿ ತುಂಬುವಾಗ ನಿಜವಾಗಿ ಸೇರಲು ಇಷ್ಟವಿರುವ ಕ್ರಮದಲ್ಲೇ ತುಂಬಿ. ಸಿಗದು ಅಂದುಕೊಂಡು ಮೇಲಿನದನ್ನು ಬಿಟ್ಟರೆ ಆಮೇಲೆ ಅದನ್ನು ಕೇಳಲಾಗದು. ಸೀಟು ಬಂದಾಗ ‘ಫ್ರೀಜ್’ ಅಂದರೆ ಇದೇ ಸಾಕು, ‘ಫ್ಲೋಟ್’ ಅಂದರೆ ಇದನ್ನು ಇಟ್ಟುಕೊಂಡು ಪಟ್ಟಿಯ ಮೇಲಿನದಕ್ಕೆ ಕಾಯುತ್ತೇನೆ, ‘ಎಕ್ಸಿಟ್’ ಅಂದರೆ ಬಿಟ್ಟೆ. ಗಡುವಿನೊಳಗೆ ಏನನ್ನೂ ಒತ್ತದೆ ಕೂತರೆ ಸೀಟು ಹೋಗುತ್ತದೆ. ಆ ದಿನಗಳಲ್ಲಿ ನೆಟ್‌ವರ್ಕ್ ಇರುವ ಕಡೆ ಇರಿ. 2025ರ ಪ್ರವೇಶದಲ್ಲಿ ಪ್ರಶ್ನೆಗಳ ವಿವಾದ ಸುಪ್ರೀಂ ಕೋರ್ಟ್‌ವರೆಗೆ ಹೋಗಿ ಕೌನ್ಸೆಲಿಂಗ್ ತಿಂಗಳುಗಟ್ಟಲೆ ಎಳೆಯಿತು. ಹಾಗಾಗಿ ದಿನಾಂಕವನ್ನು ಒಕ್ಕೂಟದ ಜಾಲತಾಣದಲ್ಲೇ ನೋಡಿ, ಯಾರೋ ಕಳಿಸಿದ ಸಂದೇಶ ನಂಬಬೇಡಿ.

ಶುಲ್ಕದ ಮಾತು ಮುಚ್ಚಿಡಬಾರದು. ಹೆಚ್ಚಿನ ಎನ್‌ಎಲ್‌ಯುಗಳಲ್ಲಿ ಹಾಸ್ಟೆಲ್ ಸೇರಿ ವರ್ಷಕ್ಕೆ ಎರಡರಿಂದ ನಾಲ್ಕು ಲಕ್ಷ ಆಗುತ್ತದೆ, ಐದು ವರ್ಷ. ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಆಯ್ದ ಉನ್ನತ ಸಂಸ್ಥೆಗಳಿಗೆ ಅಡಮಾನವಿಲ್ಲದೆ ಸಾಲ ಸಿಗುತ್ತದೆ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಓದಿನ ಅವಧಿಯಲ್ಲಿ ಬಡ್ಡಿಯಲ್ಲಿ ಶೇ 3 ರಿಯಾಯಿತಿ ಇದೆ. ಪಟ್ಟಿಯ ಕೆಳತುದಿಯ, ದೂರದ ರಾಜ್ಯದ ಎನ್‌ಎಲ್‌ಯುಗೆ ಇಷ್ಟು ಸಾಲ ಮಾಡಿ ಸೇರುವುದಕ್ಕಿಂತ ರಾಜ್ಯದ ಒಳ್ಳೆಯ ಕಾನೂನು ಕಾಲೇಜು ಎಷ್ಟೋ ಮೇಲು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಆ ದಾರಿಗೆ ಕ್ಲ್ಯಾಟ್ ಬೇಕಿಲ್ಲ. ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳಲ್ಲಿ ಐದು ವರ್ಷದ ಬಿಎ ಎಲ್‌ಎಲ್‌ಬಿಗೆ ಪಿಯು ಅಂಕದ ಮೇಲೆ ಪ್ರವೇಶ. ಸಾಮಾನ್ಯ ವರ್ಗಕ್ಕೆ ಶೇ 45, ಒಬಿಸಿಗೆ 42, ಪರಿಶಿಷ್ಟರಿಗೆ 40. ಶಿವಮೊಗ್ಗದಲ್ಲೇ ಸಿ.ಬಿ.ಆರ್. ರಾಷ್ಟ್ರೀಯ ಕಾನೂನು ಕಾಲೇಜು ಇದೆ. ಘಟ್ಟ ಇಳಿದರೆ ಉಡುಪಿಯ ವೈಕುಂಠ ಬಾಳಿಗಾ, ಮಂಗಳೂರಿನ ಎಸ್‌ಡಿಎಂ, ಈಚೆ ದಾವಣಗೆರೆಯ ಆರ್.ಎಲ್. ಕಾನೂನು ಕಾಲೇಜು. ಹುಬ್ಬಳ್ಳಿಯ ವಿಶ್ವವಿದ್ಯಾಲಯದ ಆವರಣದಲ್ಲೇ ಇರುವ ಕಾನೂನು ಶಾಲೆಯ ಆನರ್ಸ್ ಕೋರ್ಸಿಗೆ ಬೇರೆಯಾಗಿ ಅರ್ಜಿ ಹಾಕಬೇಕು. ಅಂಗಸಂಸ್ಥೆ ಕಾಲೇಜುಗಳ ಪರೀಕ್ಷೆಯಲ್ಲಿ ಉತ್ತರವನ್ನು ಪೂರ್ತಿ ಇಂಗ್ಲಿಷ್‌ನಲ್ಲೋ ಪೂರ್ತಿ ಕನ್ನಡದಲ್ಲೋ ಬರೆಯಬಹುದು. ಎಲ್ಲಿ ಓದಿದರೂ ಕೊನೆಗೆ ರಾಜ್ಯ ವಕೀಲರ ಪರಿಷತ್ತಿನ ಸನ್ನದು, ಅಖಿಲ ಭಾರತ ವಕೀಲರ ಪರೀಕ್ಷೆ ಎಲ್ಲರಿಗೂ ಒಂದೇ. ಕ್ಲ್ಯಾಟ್‌ಗಾಗಿ ಬೆಳೆಸಿಕೊಂಡ ಓದಿನ ವೇಗ ಅಲ್ಲಿ ಅವಳನ್ನು ಮೊದಲ ದಿನದಿಂದಲೇ ಮುಂದಿಡುತ್ತದೆ. ಅದಕ್ಕೇ ಡಿಸೆಂಬರ್ ಮುಗಿದ ಮರುದಿನದಿಂದ ಪಿಯು ಪಠ್ಯ ಹಿಡಿಯಲಿ. ಕ್ಲ್ಯಾಟ್ ಗುಂಗಿನಲ್ಲಿ ಪಿಯು ಅಂಕ ಕಳೆದುಕೊಂಡರೆ ಎರಡೂ ದಾರಿ ಕಿರಿದಾಗುತ್ತವೆ.

ಪಿಯು ಫಲಿತಾಂಶ ಬಂದ ಮೇಲೆ ಮೇ-ಜೂನ್‌ನಲ್ಲಿ ಇನ್ನೊಂದು ತೊಡಕು ಎದುರಾಗುತ್ತದೆ. ಕಾನೂನು ಕಾಲೇಜಿಗೆ ಸೇರಿಸಿ ವರ್ಗಾವಣೆ ಪತ್ರ, ಮೂಲ ಅಂಕಪಟ್ಟಿ ಕೊಟ್ಟುಬಿಟ್ಟಿರುತ್ತೀರಿ. ಅಷ್ಟರಲ್ಲಿ ಫ್ಲೋಟ್‌ನಲ್ಲಿದ್ದ ಸೀಟು ಬರುತ್ತದೆ, ಮೂಲ ದಾಖಲೆ ಕೆಲವೇ ದಿನದಲ್ಲಿ ಬೇಕು ಎನ್ನುತ್ತಾರೆ. ಕೊಡುವ ಮೊದಲೇ ಎಲ್ಲದರ ಮೂರು ಮೂರು ದೃಢೀಕೃತ ಪ್ರತಿ ತೆಗೆದಿಡಿ, ಬೇರೆಡೆ ಸೀಟು ಬಂದರೆ ಎಷ್ಟು ದಿನದಲ್ಲಿ ದಾಖಲೆ ವಾಪಸ್, ಎಷ್ಟು ಶುಲ್ಕ ವಾಪಸ್ ಎಂದು ಕಾಲೇಜಿನ ಕಚೇರಿಯಲ್ಲಿ ಕೇಳಿ, ಬರವಣಿಗೆಯಲ್ಲಿ ಪಡೆದು, ಆಮೇಲೆ ಸಹಿ ಹಾಕಿ.